ಮನಿಯವರ ಲೈನ್

ನಾಲ್ಕನೆಯ ಸಲ ಒತ್ತಿದ. ನೂರಾ ತೊಂಬತ್ತೆರಡು, ಚುಕ್ಕಿ, ನೂರಾ ಅರವತ್ತೆಂಟು, ಚುಕ್ಕಿ, ಒಂದು, ಚುಕ್ಕಿ, ಒಂದು. ಲ್ಯಾಪ್‌ಟಾಪು ಯೋಚಿಸುವವರ ಹಾಗೆ ಸ್ವಲ್ಪ ಹೊತ್ತು ನಟಿಸಿ, ಮೊದಲು ಹೇಳಿದ್ದನ್ನೇ ಹೇಳಿತು: ಈ ಪುಟವನ್ನು ತಲುಪಲಾಗುತ್ತಿಲ್ಲ.

ತಲುಪಬೇಕಾದದ್ದು ಮೂರು ಮೊಳ ದೂರದಲ್ಲಿತ್ತು. ನಡುಮನೆಯ ದೇವರ ಗೂಡಿನಲ್ಲಿ, ಮಂಗಸೂಳಿ ಮಲ್ಲಯ್ಯನ ಫೋಟೋದ ಪಕ್ಕ, ಬಿಳಿ ರೌಟರು ಎರಡು ಕಿವಿ ನೆಟ್ಟಗೆ ಮಾಡಿಕೊಂಡು ಹಸಿರು ಕಣ್ಣು ಮಿಟುಕಿಸುತ್ತಿತ್ತು. ಅದರ ಮೂಲಕವೇ ಸಿದ್ದಲಿಂಗ ಐದು ನಿಮಿಷದ ಹಿಂದೆ ಪೆರು ದೇಶದಲ್ಲಿ ಬಸ್ಸು ಉರುಳಿದ ಸುದ್ದಿ ಓದಿದ್ದ. ಪೆರು ತಲುಪುತ್ತದೆ. ಗೂಡು ತಲುಪುವುದಿಲ್ಲ.

ಗಂಟೆ ಹನ್ನೊಂದೂ ಹತ್ತು. ಸಂದರ್ಶನ ನಾಲ್ಕಕ್ಕೆ.

ಕರಾವಳಿಯ ಒಂದು ಖಾಸಗಿ ಕಾಲೇಜು. ಕನ್ನಡ ಅಧ್ಯಾಪಕ, ಒಂದು ಹುದ್ದೆ, ಕಾಯಂ. ಆ ಕೊನೆಯ ಶಬ್ದವನ್ನು ಅವನು ಜಾಹೀರಾತಿನಲ್ಲಿ ಎರಡು ಸಲ ಓದಿದ್ದ. ಹನ್ನೊಂದು ವರ್ಷದಿಂದ ಅವನು ಸರಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಎಂದು ಕರೆದು, ಪ್ರತಿವರ್ಷ ಎಬ್ಬಿಸಿ ಕಳಿಸಿ, ಪ್ರತಿವರ್ಷ ಮತ್ತೆ ಕರೆದು ಕೂರಿಸುವ ಉಪಚಾರ ಅದು. ಮುಂದಿನ ತಿಂಗಳು ಅವನಿಗೆ ನಲವತ್ತು. ನಲವತ್ತು ದಾಟಿದವರು ಅರ್ಜಿ ಹಾಕಬೇಕಾಗಿಲ್ಲ ಎಂದೂ ಅದೇ ಜಾಹೀರಾತು ಹೇಳಿತ್ತು.

ಇದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ಮನೆ ಎಂದರೆ ಹೆಂಡತಿ ಉಜ್ವಲಾಳ ತವರು. ಕಾಗವಾಡದ ರಸ್ತೆಯಿಂದ ಒಳಗೆ, ದ್ರಾಕ್ಷಿ ಪಡದ ನಡುವೆ ಕಟ್ಟಿದ ಎರಡಂತಸ್ತಿನ ಬಂಗಲೆ. ಮದುವೆಯಾದ ವರ್ಷ, ಮುಂದಿನ ಜೂನ್ ತನಕ ಇಲ್ಲಿಂದಲೇ ಕಾಲೇಜಿಗೆ ಹೋದರಾಯಿತು ಎಂದು ಬಂದಿದ್ದರು. ಒಂಬತ್ತು ಜೂನ್ ಆದವು. ಯಾರೂ ಹೋಗು ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ. ಹುಟ್ಟೂರು ಚಿಂಚಲಿಗೆ ಹೋದರೆ ಅಣ್ಣ ಹೊಸ ಚಾಪೆ ತೆಗೆದು ಹಾಸುತ್ತಿದ್ದ. ಹೊಸ ಚಾಪೆಯ ಮೇಲೆ ಎಷ್ಟು ದಿನ ಕೂರಬಹುದು?

ಕಾಲೇಜಿಗೆ ಜ್ವರ ಎಂದು ಹೇಳಿದ್ದ. ಮನೆಯಲ್ಲಿ ರಜೆ ಎಂದು ಹೇಳಿದ್ದ. ಎರಡೂ ಸಣ್ಣ ಸುಳ್ಳು, ಒಂದೊಂದಾಗಿ ನೋಡಿದರೆ ನಿರುಪದ್ರವಿ. ಜೋಡಿಸಿ ನೋಡಿದಾಗ ಗೊತ್ತಾಯಿತು: ಜ್ವರದವನು ಕಾಗವಾಡದ ಪೇಟೆಯಲ್ಲಿ ಕಾಣಿಸಿಕೊಳ್ಳುವಂತಿಲ್ಲ, ರಜೆಯವನು ಲ್ಯಾಪ್‌ಟಾಪು ಹೆಗಲಿಗೆ ಹಾಕಿಕೊಂಡು ಗೇಟು ದಾಟುವಂತಿಲ್ಲ. ಮೊಬೈಲು ತಾರಸಿಯ ಮೇಲೆ, ನೀರಿನ ಟಾಕಿಯ ಪಕ್ಕದಲ್ಲಿ ಮಾತ್ರ ಹಿಡಿಯುತ್ತಿತ್ತು, ಅದೂ ಮಾತಿಗೆ ಮಾತ್ರ. ಹಾಗಾಗಿ ವೈಫೈ.

ವೈಫೈಗೊಂದು ರೋಗ ಹತ್ತಿತ್ತು. ಎರಡು ವಾರದಿಂದ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಹೋಗುತ್ತದೆ, ಆರಕ್ಕೆ ಸರಿಯಾಗಿ ಬರುತ್ತದೆ. ಕೇಳಿದರೆ ಉಜ್ವಲಾ, “ಲೈನ್ ಹೋಗಿರ್ತೈತಿ,” ಅಂದಿದ್ದಳು. ಈ ಸೀಮೆಯಲ್ಲಿ ಯಾವ ಲೈನಿಗೂ ಇಷ್ಟು ಸಮಯಪಾಲನೆ ಇಲ್ಲವೆಂದು ಸಿದ್ದಲಿಂಗನಿಗೆ ಗೊತ್ತಿತ್ತು. ಯಾರೋ ವೇಳೆ ಕಟ್ಟಿದ್ದಾರೆ. ಕಟ್ಟಿದ್ದನ್ನು ಬಿಚ್ಚಬೇಕಾದರೆ ರೌಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಬೇಕು. ಆ ಪುಟಕ್ಕೆ ಹೋಗಲು ನಾಲ್ಕು ಸಂಖ್ಯೆ, ಮೂರು ಚುಕ್ಕಿ.

ಐದನೆಯ ಸಲ ಒತ್ತಿದ.

“ಪಾವಣೇರ, ಚಾ.”

ಅತ್ತೆ ಸೋನಾಬಾಯಿ ಕಪ್ಪು ಬಸಿ ಹಿಡಿದು ನಿಂತಿದ್ದಳು. ಅವಳು ಅವನನ್ನು ಹೆಸರು ಹಿಡಿದು ಕರೆದವಳಲ್ಲ. ಈ ಗಡಿಯಲ್ಲಿ ಅಳಿಯನಿಗೆ ಅದೇ ಮರ್ಯಾದೆಯ ಕರೆ. ಮರಾಠಿಯಿಂದ ಬಂದ ಶಬ್ದ ಎಂದು ಅವನು ಮನಸ್ಸಿನಲ್ಲೇ ಟಿಪ್ಪಣಿ ಬರೆದು ಬಹಳ ವರ್ಷವಾಗಿತ್ತು.

“ಅದನ್ನ ಯಾಕ ಮುಟ್ಟಾಕತ್ತೀರಿ? ಕರೆಂಟ್ ಇರ್ತೈತಿ.”

“ಇಲ್ರಿ, ಹಿಂದ ಏನೋ ಬರದಾರ, ಓದಾಕ…”

“ಶಿವರಾಜ ಬಂದ್ ಮ್ಯಾಲೆ ಓದ್ತಾನ ಬಿಡ್ರಿ. ನೀವ್ಯಾಕ ತ್ರಾಸ ತಗೋತೀರಿ.”

ಶಿವರಾಜ ಅವಳ ಮಗ, ಮುಂಜಾನೆಯೇ ಸಾಂಗ್ಲಿ ಪೇಟೆಗೆ ಹೋಗಿದ್ದ. ಅವಳು ಹೋದ ಮೇಲೆ ರೌಟರನ್ನು ತಿರುವಿ ನೋಡಿದ. ಹಿಂಬದಿಯ ಚೀಟಿಯಲ್ಲಿ ವಿಳಾಸ, ಹೆಸರು, ಗುಪ್ತಪದ ಎಲ್ಲ ಅಚ್ಚಾಗಿದ್ದವು. ಆದರೆ ದೀಪಾವಳಿ ಪಾಡ್ಯಕ್ಕೆ ಮನೆಯ ಎಲ್ಲ ಯಂತ್ರಗಳ ಜೊತೆ ಅದಕ್ಕೂ ಪೂಜೆಯಾಗಿತ್ತು. ಅತ್ತೆ ಹೆಬ್ಬೆರಳಿನಿಂದ ಭಂಡಾರ ಒತ್ತಿದ್ದಳು. ನಾಲ್ಕು ಪಾಡ್ಯದ ಅರಿಷಿಣ, ಪದರದ ಮೇಲೆ ಪದರ. ಉಗುರಿನಿಂದ ಕೆರೆದ. ಮೊದಲು ಸಂಖ್ಯೆ ಕಂಡಿತು. ಅವನು ಒತ್ತಿದ್ದೇ ಅದು. ಇನ್ನಷ್ಟು ಕೆರೆದ. ಹೆಸರು ಕಂಡಿತು, ಗುಪ್ತಪದ ಕಾಣುವ ಮೊದಲೇ ಚೀಟಿ ಕಿತ್ತು ಬಂತು. ಉಗುರಿನ ತುಂಬ ಹಳದಿ.

ವಿಳಾಸ ಸರಿ. ದಾರಿ ಸರಿ. ಬಾಗಿಲು ಮಾತ್ರ ಇಲ್ಲ.

ಊಟಕ್ಕೆ ಕೂತಾಗ ಮಾವ ಲಗಮಣ್ಣ ನಕ್ಕ. ಮೊಣಕಾಲಿನ ಆಪರೇಶನ್ ಆದಾಗಿನಿಂದ ಅವನ ವಾಸ ಪಡಸಾಲೆಯ ಟೀವಿಯ ಮುಂದೆ. ಟೀವಿಯಲ್ಲಿ ಧಾರಾವಾಹಿ ಇರುತ್ತಿರಲಿಲ್ಲ. ಪರದೆ ನಾಲ್ಕು ಪಾಲಾಗಿ, ಒಂದರಲ್ಲಿ ಗೇಟು, ಒಂದರಲ್ಲಿ ದನದ ಕೊಟ್ಟಿಗೆ, ಒಂದರಲ್ಲಿ ದ್ರಾಕ್ಷಿ ಒಣಹಾಕಿದ ಶೆಡ್ಡು, ಇನ್ನೊಂದರಲ್ಲಿ ಬೆಳ್ಳಿ ದೇವರಿರುವ ನಡುಮನೆ. ಲಗಮಣ್ಣ ತನ್ನ ಆಸ್ತಿಯನ್ನು ತಾನೇ ದಿನವಿಡೀ ನೋಡುತ್ತಿದ್ದ. ಅದರಲ್ಲಿ ಏನೂ ಆಗದಿರುವುದೇ ಅದರ ಸ್ವಾರಸ್ಯ.

“ಪಾವಣೇರು ಮುಂಜಾನಿಂದ ಮಲ್ಲಯ್ಯನ ಮುಂದನ ಅದಾರ. ಟೀವಿಯಾಗ ನೋಡಾಕತ್ತೀನಿ. ಭಕ್ತಿ ಹುಟ್ಟೇತೇನ್ರಿ?”

“ಹಂಗೇನಿಲ್ರಿ ಮಾವಾರ.”

“ಹುಟ್ಟಲಿ ಬಿಡ್ರಿ. ಪಿಎಚ್‌ಡಿ ಮಾಡಿದವರಿಗೆ ಹುಟ್ಟಬಾರದಂತೇನ ಇಲ್ಲಲಾ.”

ಎಲ್ಲರೂ ನಕ್ಕರು. ಸಿದ್ದಲಿಂಗನೂ ನಕ್ಕ, ಒಂದು ಕ್ಷಣ ತಡವಾಗಿ. ಅತ್ತೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಮೊದಲ ರೊಟ್ಟಿ ಯಾವಾಗಲೂ ಅವನ ತಾಟಿಗೆ, ಎಣ್ಣೆಗಾಯಿಯಲ್ಲಿ ದೊಡ್ಡ ಬದನೆ ಅವನ ತಾಟಿಗೆ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವನ ತಾಟನ್ನು ಅವನಿಗೆ ಎತ್ತಲು ಬಿಟ್ಟಿರಲಿಲ್ಲ.

ಕೋಣೆಯಲ್ಲಿ ಉಜ್ವಲಾ ಬಟ್ಟೆ ಮಡಚುತ್ತಿದ್ದಳು.

“ಕಾಲೇಜ್ ಸೂಟಿ ಅಂದ್ರಿ.”

“ಹೌದು.”

“ಮತ್ತ ಬಿಳಿ ಅಂಗಿ ಇಸ್ತ್ರಿ ಮಾಡಿ ಇಟ್ಟೀರಿ.”

“ಮಾಡಿದೆ. ಸುಮ್ಮನ.”

ಅವಳು ಒಂದು ಟಾವೆಲ್ಲನ್ನು ಅಗತ್ಯಕ್ಕಿಂತ ಹೆಚ್ಚು ಸಲ ಮಡಚಿದಳು. “ಏನಾರ ಐತೇನು?”

ಏನಾರ ಐತಿ. ನಾಲ್ಕು ಗಂಟೆಗೆ ಐತಿ. ಸಿಕ್ಕರೆ ಸಮುದ್ರದ ಪಕ್ಕ ಎರಡು ಕೋಣೆಯ ಬಾಡಿಗೆ ಮನೆ ಐತಿ, ಅಲ್ಲಿ ತಾಟು ನಾನೇ ತೊಳೆಯುತ್ತೇನೆ, ನೀನು ಬರುತ್ತೀಯೋ ಇಲ್ಲವೋ ಗೊತ್ತಿಲ್ಲ, ಕೇಳಲು ಹೆದರಿಕೆ ಐತಿ. ಇಷ್ಟೂ ಅವನ ಬಾಯಿಯ ತನಕ ಬಂತು.

“ವೈಫೈ ಹೋಗತೈತಲ್ಲ, ಅದನ್ನ ನೋಡಾಕತ್ತೇನಿ,” ಅಂದ.

“ನನ್ನ ಫೋನಿನ್ಯಾಗ ಎಂದೂ ಹೋಗಂಗಿಲ್ಲ ನೋಡ್ರಿ.” ಅವಳು ಬಟ್ಟೆ ಎತ್ತಿಕೊಂಡು ಹೋದಳು.

ಅವನು ಆ ಮಾತನ್ನು ಕೇಳಿದ. ಅರ್ಥಮಾಡಿಕೊಳ್ಳಲು ತಾರಸಿ ಹತ್ತಬೇಕಾಯಿತು.

ತಾರಸಿಯ ಮೇಲೆ ಮಾರ್ಚಿನ ಬಿಸಿಲು. ಟಾಕಿಯ ನೆರಳಿನಲ್ಲಿ ನಿಂತ ಕೂಡಲೇ ಮೊಬೈಲು ಕಂಪಿಸಿ, ಮಹಾರಾಷ್ಟ್ರಕ್ಕೆ ಸ್ವಾಗತ ಎಂದು ಸಂದೇಶ ತೋರಿಸಿತು. ಎರಡು ಮಹಡಿ ಹತ್ತಿದರೆ ರಾಜ್ಯ ಬದಲಾಗುತ್ತದೆ. ಕೆಳಗೆ ಬಾಗಿಲು ತೆರೆಯುವುದಿಲ್ಲ. ಮಂಗಸೂಳಿಯಿಂದ ಇಂಟರ್ನೆಟ್ ಲೈನ್ ಎಳೆದುಕೊಟ್ಟ ಬಾಳಾಸಾಬನಿಗೆ ಫೋನು ಹಚ್ಚಿದ.

“ಹೇಳ್ರಿ ಸರ್! ಲಗಮಣ್ಣ ಅಪ್ಪಾರ ಮನಿಯವರಲ್ರಿ ನೀವು?”

“ಹೌದು. ಸೆಟ್ಟಿಂಗ್ ಪೇಜ್ ತೆರಿವಲ್ದು. ನಂಬರ್ ಎಲ್ಲಾ ಬರೋಬರಿ ಹಾಕೀನಿ.”

“ನೆಟ್ ಚಾಲೂ ಐತಿ?”

“ಐತಿ.”

“ಪೇಜ್ ಅಷ್ಟ ತೆರಿವಲ್ದು. ಹ್ಞಾ. ಯಾವ ವೈಫೈಗೆ ಹತ್ತೀರಿ ಸರ್? ಹೆಸರು ಹೇಳ್ರಿ.”

“ಪಾವನೆ.”

“ಏನಂದ್ರಿ?”

“ಪಾವನೆ. ಪಿ, ಎ, ವಿ, ಎ, ಎನ್, ಇ.”

ನಾಲ್ಕು ವರ್ಷದ ಹಿಂದೆ ಲೈನು ಬಂದ ದಿನ ಉಜ್ವಲಾಳ ಅಣ್ಣ ಶಿವರಾಜನೇ ಅವನ ಫೋನು ಇಸಕೊಂಡು ಈ ಹೆಸರಿಗೆ ಜೋಡಿಸಿ ಕೊಟ್ಟಿದ್ದ. ಇಂಗ್ಲಿಷ್ ಅಕ್ಷರದ ಆ ಹೆಸರನ್ನು ಸಿದ್ದಲಿಂಗ ಕನ್ನಡಕ್ಕೆ ತಂದುಕೊಂಡು ಓದಿದ್ದ. ಪಾವನ ಎಂದಿರಬೇಕಿತ್ತು, ಹೆಣ್ಣಾದರೆ ಪಾವನೆ. ಮನೆಗೆ ಇಡುವ ಹೆಸರು, ವ್ಯಾಕರಣ ಸ್ವಲ್ಪ ಜಾರಿದೆ, ಇರಲಿ. ದೇವರ ಗೂಡಿನಲ್ಲಿ ಕೂತಿದ್ದಕ್ಕೆ ಒಪ್ಪುತ್ತದೆ ಎಂದು ಮನಸ್ಸಿನಲ್ಲೇ ಕ್ಷಮಿಸಿದ್ದ.

ಬಾಳಾಸಾಬ ಆ ಕಡೆ ನಗುತ್ತಿದ್ದ, ಕೆಟ್ಟ ನಗು ಅಲ್ಲ.

“ಅದು ಪಾವನೆ ಅಲ್ರಿ ಸರ್. ಪಾವಣೆ. ಪಾವಣೇರ ಲೈನ್ ಅದು. ಗೆಸ್ಟ್ ಅಂತಾರಲ್ರಿ, ಅದು. ವ್ಯಾಪಾರದವರು, ಶೆಡ್ಡಿನ ಆಳು, ಬಂದವರು ಹೋದವರು ಹತ್ತಿಕೊಳ್ಳಾಕ ಬ್ಯಾರೇನ ಮಾಡಿಕೊಟ್ಟೀನಿ. ಅದರಾಗಿಂದ ಸೆಟ್ಟಿಂಗ್ ಎಲ್ಲಿ ತೆರಿತೈತ್ರಿ? ಬಂದವರು ಒಳಗ ಕೈ ಹಾಕಬಾರದಲ್ರಿ. ನೀವು ಮನಿಯವರ ಲೈನಿಗೆ ಬರ್ರಿ, ತಟ್ಟನ ತೆರಿತೈತಿ.”

ನ ಮತ್ತು ಣ ವ್ಯತ್ಯಾಸ ತಿಳಿಯದವರ ಉತ್ತರಪತ್ರಿಕೆಯಲ್ಲಿ ಸಿದ್ದಲಿಂಗ ತಪ್ಪಿಗೆ ಅರ್ಧ ಅಂಕ ಕಳೆಯುತ್ತಿದ್ದ.

“ಮೂರಕ್ಕ ಬಂದ್ ಆಗೂದು?” ಅಂತ ಕೇಳಿದ.

“ಅದೂ ಪಾವಣೇರ ಲೈನ್ ಅಷ್ಟರಿ. ಶೆಡ್ಡಿನವರು ಮೂರಕ್ಕ ಚಾ ಕುಡ್ಯಾಕ ಬಂದ್ರ ಕಟ್ಟಿ ಬಿಟ್ಟು ಏಳಂಗಿಲ್ಲ, ಮೊಬೈಲ್ ಹಿಡ್ಕೊಂಡು ಕುಂದರ್ತಾರಂತ ಶಿವರಾಜ ಅಣ್ಣಾರು ಟೈಮ್ ಹಾಕಿಸ್ಯಾರ.”

“ಮನಿಯವರ ಲೈನಿನ ಹೆಸರೇನು? ಇಲ್ಲಿ ಕಾಣವಲ್ದು.”

“ಅದು ಮುಚ್ಚಿಟ್ಟಿರ್ತೈತ್ರಿ, ಗೊತ್ತಿದ್ದವರಿಗಷ್ಟ.” ಬಾಳಾಸಾಬ ತಡವರಿಸಿದ. “ನಿಮ್ಮ ಮನೀದು ನನ್ನ ಕೇಳ್ತೀರಲ್ರಿ ಸರ್. ಅಲ್ಲೇ ಒಳಗ ಯಾರನ್ನರ ಕೇಳ್ರಿ. ಇಲ್ಲಂದ್ರ ವೈರ್ ಹಚ್ಚಿ ಒಳಗ ಹೋಗಬಹುದು… ತಡೀರಿ, ಶಿವರಾಜ ಅಣ್ಣಾರಿಗೆ ಒಂದ್ ಮಾತ್ ಹೇಳ್ತೀನಿ.”

“ಬ್ಯಾಡ, ಬ್ಯಾಡ…”

ಫೋನು ಕಟ್ಟಾಗಿತ್ತು. ಎರಡೇ ನಿಮಿಷ. ಸಾಂಗ್ಲಿ ಪೇಟೆಯ ಗದ್ದಲದ ನಡುವಿನಿಂದ ಶಿವರಾಜ ಮಾತಾಡಿದ.

“ಏನ್ರಿ ಪಾವಣೇರ, ಬಾಳ್ಯಾ ಫೋನ್ ಮಾಡಿದ್ದ. ವೈಫೈದು ಏನೋ ತಕರಾರು?”

“ಏನಿಲ್ಲ, ಸಣ್ಣದು.”

“ಏನರ ಅರ್ಜಂಟ್ ಐತೇನ್ರಿ? ಐತಂದ್ರ ಹೇಳ್ರಿ, ಈಗಿಂದೀಗ ಪಾಸ್‌ವರ್ಡ್ ಕಳಸ್ತೀನಿ.”

ಬಾಗಿಲು ತೆರೆದೇ ಇತ್ತು. ಐತಿ ಅನ್ನಬೇಕಿತ್ತು, ಅಷ್ಟೆ. ಐತಿ ಅಂದರೆ ಏನು ಎಂದು ಕೇಳುತ್ತಾನೆ. ಹೇಳಿದರೆ ಸಂಜೆ ಪಡಸಾಲೆಯಲ್ಲಿ ಎಲ್ಲರೂ ಕೂತು, ನಮ್ಮಿಂದ ಏನು ತಪ್ಪಾತ್ರಿ ಎಂದು ಕೇಳುತ್ತಾರೆ. ತಪ್ಪು ಏನೂ ಆಗಿಲ್ಲ. ಹೇಳಲು ಆಗದ್ದೇ ಅದು.

“ಇಲ್ಲ. ಸುಮ್ಮನ ನೋಡಾಕತ್ತಿದ್ದೆ.”

“ಸುಮ್ಮನ ಅಂದ್ರ ನೀವ್ಯಾಕ ತ್ರಾಸ ತಗೋತೀರಿ. ಸಂಜಿಕ ಬಂದು ಮಾಡಿಕೊಡ್ತೀನಿ. ಊಟ ಆತೇನ್ರಿ?”

“ಆತು.”

ಮೂರು ಗಂಟೆಗೆ ಪಾವನೆ ಹೋಯಿತು. ಮಾವ ಟೀವಿಯ ಮುಂದೆ ಆರಾಮ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ಅತ್ತೆ, ಉಜ್ವಲಾ ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದರು. ಸಿದ್ದಲಿಂಗ ಬಿಳಿ ಅಂಗಿ ತೊಟ್ಟ. ಪ್ಯಾಂಟು ಕಂಡು ಯಾರಾದರೂ ಎಲ್ಲಿಗೆ ಎಂದು ಕೇಳಿಯಾರೆಂದು ಲುಂಗಿ ಹಾಗೇ ಬಿಟ್ಟ. ಸೊಂಟದ ಮೇಲೆ ಅಭ್ಯರ್ಥಿ, ಕೆಳಗೆ ಅಳಿಯ.

ಒಳಬರುವ ಲೈನು ಬಿಟ್ಟರೆ ರೌಟರಿಗೆ ಇದ್ದದ್ದು ಒಂದೇ ಕಿಂಡಿ, ಅದರಿಂದ ಒಂದೇ ವೈರು ಹೊರಟಿತ್ತು. ಕಿಟಕಿಯಿಂದ ಹೊರಬಿದ್ದು, ಪಡದ ಕಂಬಗಳ ಮೇಲೆ ನಡೆದು, ಶೆಡ್ಡಿನ ಕ್ಯಾಮೆರಾಕ್ಕೆ ಹೋಗಿತ್ತು. ಅದನ್ನು ರೌಟರಿನಿಂದ ಕಿತ್ತ. ಹಳೆಯದೊಂದು ಗಿಡ್ಡ ವೈರು ಗೂಡಿನ ಹಿಂದೆ ಬಿದ್ದಿತ್ತು. ಅದರ ಒಂದು ತುದಿ ರೌಟರಿಗೆ, ಇನ್ನೊಂದು ಲ್ಯಾಪ್‌ಟಾಪಿಗೆ. ವೈರು ಅಷ್ಟೇ ಉದ್ದ. ಹಾಗಾಗಿ ಅವನು ಮಲ್ಲಯ್ಯನ ಮುಂದೆ ಮಣೆ ಹಾಕಿಕೊಂಡು, ಪೂಜೆಗೆ ಕೂತವನಂತೆ ಕೂತ. ನೂರಾ ತೊಂಬತ್ತೆರಡು, ಚುಕ್ಕಿ.

ಪುಟ ತೆರೆಯಿತು.

ಎಷ್ಟು ಸಾದಾ ಪುಟ. ನೀಲಿ ಪಟ್ಟಿ, ಎರಡು ಖಾಲಿ ಚೌಕ: ಹೆಸರು, ಗುಪ್ತಪದ. ವೈರಿನ ಮೇಲೆ ಇಂಟರ್ನೆಟ್ಟು ಓಡುತ್ತಿದೆ, ಸಂದರ್ಶನಕ್ಕೆ ಇಷ್ಟು ಸಾಕು. ಆದರೆ ಶೆಡ್ಡು ಕುರುಡಾಗಿದೆ. ಒಳಗೆ ಹೋಗಿ ಆ ಮೂರು ತಾಸಿನ ಬೀಗ ತೆಗೆದರೆ ಕ್ಯಾಮೆರಾದ ವೈರನ್ನು ಅದರ ಜಾಗಕ್ಕೆ ಮರಳಿಸಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಕೆಳಗೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ: ಐದು ಅವಕಾಶ.

ಈ ಮನೆಯ ಗುಟ್ಟಿನ ಶಬ್ದ ಯಾವುದಿರಬಹುದು? ಒಂಬತ್ತು ವರ್ಷದ ಅಭ್ಯಾಸ ಇದಕ್ಕಾದರೂ ಬರಬೇಕಲ್ಲ. ಮಲ್ಲಯ್ಯ ಎಂದು ಒತ್ತಿದ. ತಪ್ಪು. ಶಿವರಾಜನ ಮಗಳ ಹೆಸರಿಗೆ ಅವಳು ಹುಟ್ಟಿದ ಇಸವಿ ಸೇರಿಸಿ ಒತ್ತಿದ. ತಪ್ಪು. ಸೋನಾಕಾ, ಪಡದಲ್ಲಿದ್ದ ದ್ರಾಕ್ಷಿಯ ಜಾತಿ. ತಪ್ಪು. ಉಜ್ವಲಾ. ತಪ್ಪು.

ಒಂದು ಉಳಿಯಿತು. ಬೆರಳು ಕೀಲಿಗಳ ಮೇಲೆ ನಿಂತವು. ತನಗೇ ನಗು ಬಂತು. ಆದರೂ, ಯಾರು ಬಲ್ಲರು, ಎಂದಾದರೂ ಒಂದು ದಿನ ಶಿವರಾಜನಿಗೆ ಏನೂ ತೋಚದೆ ಇದ್ದಾಗ… ತನ್ನ ಹೆಸರನ್ನು ಒತ್ತಿದ. ಅಕ್ಷರಗಳು ಕಾಣಲಿಲ್ಲ, ಹೆಸರು ಪೂರ್ತಿ ಕಪ್ಪು ಚುಕ್ಕಿಗಳಾಗಿ ಸಾಲುಗಟ್ಟಿತು.

ತಪ್ಪು. ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಿ.

ಮೂರೂ ನಲವತ್ತೆರಡು. ಅವನು ಪುಟ ಮುಚ್ಚಿ, ಕಾಲೇಜಿನವರು ಕಳಿಸಿದ ಕೊಂಡಿಯನ್ನು ತೆರೆದು ಕಾದ. ನಾಲ್ಕಕ್ಕೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಅಭ್ಯಾಸಬಲದಿಂದ ಅನುವಾದಿಸಿಕೊಂಡ: ದಯವಿಟ್ಟು ಕಾಯಿರಿ, ಆತಿಥೇಯರು ನಿಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ.

ಕಾದ. ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ನಾಲ್ಕೂ ಏಳಕ್ಕೆ ಪಡಸಾಲೆಯಲ್ಲಿ ಕುರ್ಚಿ ಕಿರುಗುಟ್ಟಿತು.

“ಏ! ಶೆಡ್ ಹೋತಲಾ! ಸೋನಾ! ಉಜ್ವಲಾ! ಶೆಡ್ ಕರ್ರಗ ಆಗೇತಿ ನೋಡ್ರೆ! ಯಾಂವರ ವೈರ್ ಕೊಯ್ದನೇನ…”

ಹಿತ್ತಲಿನಿಂದ ಕಾಲಸಪ್ಪಳ. ಉಜ್ವಲಾ ನಡುಮನೆಯ ಬಾಗಿಲಲ್ಲಿ ಬಂದು ನಿಂತಳು. ಬಿಳಿ ಅಂಗಿ, ಲುಂಗಿ, ಮಣೆ, ಗೂಡಿನಿಂದ ಇಳಿದ ವೈರು, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಮಡಿಲಿನಲ್ಲಿ ಶೇಂಗಾ ಸಿಪ್ಪೆ.

“ಯಾರ ಕೂಡ ಮಾತಾಡಾಕತ್ತೀರಿ?”

“ಯಾರೂ ಇಲ್ಲ.”

ಪರದೆ ಬೆಳಗಿತು. ಉದ್ದ ಮೇಜು, ಮೂರು ಮುಖ. ನಡುವಿನ ಹೆಂಗಸು ಕನ್ನಡಕ ಸರಿಮಾಡಿಕೊಂಡು ನಕ್ಕಳು. “ನಮಸ್ಕಾರ ಸಿದ್ದಲಿಂಗ ಅವರೇ, ತಡವಾಯಿತು, ಕ್ಷಮಿಸಿ. ಕೇಳಿಸ್ತಾ ಇದೆಯಾ?”

ಎಷ್ಟೋ ದಿನದ ಮೇಲೆ ಒಂದು ದನಿ ಅವನ ಹೆಸರು ಹಿಡಿದು ಕರೆದಿತ್ತು. ಅದೂ ನಡುಮನೆಯಲ್ಲಿ.

ಉಜ್ವಲಾಳಿಗೂ ಅದು ಕೇಳಿಸಿತು. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತೇ ಇದ್ದಳು. ಮಾತಾಡ್ರಿ ಅನ್ನುತ್ತಿದ್ದಳೋ, ಬ್ಯಾಡ ಅನ್ನುತ್ತಿದ್ದಳೋ. ಮುಖ ಓದಲು ಅವನಿಗೆ ಬರಲಿಲ್ಲ.

“ಶಿವ್ಯಾಗ ಫೋನ್ ಹಚ್ಚ!” ಲಗಮಣ್ಣ ಕೂಗುತ್ತಿದ್ದ. ಕೋಲು ಊರಿ ಏಳಲು ಹೋಗಿ ಮೊಣಕಾಲು ಹಿಡಿದುಕೊಂಡು ನರಳಿದ.

“ಸಿದ್ದಲಿಂಗ ಅವರೇ? ನಮ್ಮ ಮಾತು ಕೇಳಿಸ್ತಾ ಇದೆಯಾ?”

“ಹೌದು” ಎಂದು ಬಾಯಿ ತೆರೆದ. ಕೈ ಮಾತ್ರ ಬೇರೆ ಕೆಲಸ ಮಾಡಿತ್ತು. ಯಾರೂ ಕೇಳುವ ಮೊದಲೇ, ಯಾರಿಗೂ ತ್ರಾಸ ಆಗಬಾರದೆಂದು, ಗಿಡ್ಡ ವೈರನ್ನು ಲ್ಯಾಪ್‌ಟಾಪಿನಿಂದ ಕಿತ್ತಿತ್ತು. ಹೆಂಗಸಿನ ಮುಖ ಅರ್ಧ ತೆರೆದ ಬಾಯಿಯಲ್ಲೇ ಕಲ್ಲಾಯಿತು. ಅವನು ಎದ್ದು ಗಿಡ್ಡ ವೈರಿನ ಇನ್ನೊಂದು ತುದಿಯನ್ನೂ ತೆಗೆದು, ಆ ಜಾಗಕ್ಕೆ ಕ್ಯಾಮೆರಾದ ವೈರನ್ನು ಚುಚ್ಚಿದ. ಹಸಿರು ಕಣ್ಣು ಮಿಟುಕಿತು.

“ಬಂತು ಬಂತು! ಶೆಡ್ ಬಂತು!” ಲಗಮಣ್ಣ ಕುರ್ಚಿಯಲ್ಲಿ ಕುಸಿದ. ಆಮೇಲೆ ಕಣ್ಣು ಕಿರಿದು ಮಾಡಿ ಪರದೆಯತ್ತ ಬಾಗಿದ. “ಯಾಂವ ಅಂವ? ಒಳಗ ದೇವರ ಮುಂದ ಕುಂತಾನಲಾ. ಬಿಳಿ ಅಂಗಿ ಹಾಕ್ಕೊಂಡು?”

ಹಿತ್ತಲ ಬಾಗಿಲಿನಿಂದ ಬಂದ ಸೋನಾಬಾಯಿ ಇಣುಕಿ ನೋಡಿ, ಸೆರಗಿನಿಂದ ಕೈ ಒರೆಸಿಕೊಂಡಳು.

“ಪಾವಣೇರು ಬಿಡ್ರಿ.”

ಸಿದ್ದಲಿಂಗ ಗೂಡಿನ ಮುಂದೆ ನಿಂತಲ್ಲಿಂದಲೇ, ಉಜ್ವಲಾಳ ಭುಜದ ಮೇಲಿಂದ, ಪಡಸಾಲೆಯ ಟೀವಿ ನೋಡಿದ. ನಾಲ್ಕನೆಯ ಪಾಲಿನಲ್ಲಿ ನಡುಮನೆ. ಈ ಒಳಗಿನ ಕ್ಯಾಮೆರಾದ ಚಿತ್ರ ಶೆಡ್ಡಿನದರಂತೆ ವೈರಿನಲ್ಲಲ್ಲ, ವೈಫೈಯಲ್ಲಿ ಎಲ್ಲೆಲ್ಲೋ ಸುತ್ತಿ ಬರುವುದರಿಂದ ಯಾವಾಗಲೂ ಅರ್ಧ ನಿಮಿಷ ಹಿಂದೆ. ಅಲ್ಲಿ ಬಿಳಿ ಅಂಗಿಯವನು ಇನ್ನೂ ಮಣೆಯ ಮೇಲೆ ಕೂತಿದ್ದ. ಗೂಡಿನಿಂದ ಇಳಿದ ವೈರು ಇನ್ನೂ ಅವನ ಯಂತ್ರದಲ್ಲಿತ್ತು. ಎದುರಿನ ಬೆಳಕಿನಲ್ಲಿ ಯಾರೋ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅವನು ಮುಖ ಎತ್ತಿದ್ದ.

ಸಿದ್ದಲಿಂಗ ನೋಡುತ್ತ ನಿಂತ. ಪರದೆಯ ಮೇಲಿನವನ ಕೈ ತೊಡೆಯ ಮೇಲಿಂದ ಎದ್ದು, ಮೆಲ್ಲಗೆ, ವೈರಿನ ಕಡೆ ಹೊರಟಿತ್ತು.